ಸಿಂಗಲ್ ಆಕ್ಷನ್ ಅಂದರೆ ಒಂದೇ ಗುಂಡು ಅಂತಲ್ಲ

ಹಳೇ ಶೈಲಿಯ ಎರಡು ಪಿಸ್ತೂಲುಗಳನ್ನು ಮುಂದಿಟ್ಟುಕೊಂಡು ಯಾವುದು ಒಳ್ಳೆಯದು ಅಂತ ವಾದ ಮಾಡುವವರ ನಡುವೆ ಕೂತರೆ, ಐದು ನಿಮಿಷದೊಳಗೆ ‘ಸಿಂಗಲ್ ಆಕ್ಷನ್’ ಎಂಬ ಮಾತು ಬಂದೇ ಬರುತ್ತದೆ. ಹೊಸಬರು ಇದನ್ನು ಕೇಳಿ, ಒಂದು ಸಲ ಒಂದೇ ಗುಂಡು ಹಾರಿಸುವ ಪಿಸ್ತೂಲು ಇರಬೇಕು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಗುಂಡಿನ ಲೆಕ್ಕಕ್ಕೂ ಈ ಪದಕ್ಕೂ ಸಂಬಂಧವೇ ಇಲ್ಲ. ಟ್ರಿಗರ್ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಕನ್ನಡದಲ್ಲಿ ‘ಬಂದೂಕಿನ ಕುದುರೆ’ ಅನ್ನುತ್ತೇವಲ್ಲ, ಅದನ್ನು ಕೆಲವರು ಬೆರಳಿಂದ ಎಳೆಯುವ ಟ್ರಿಗರ್‌ಗೆ ಹೇಳುತ್ತಾರೆ, ಕೆಲವರು ಹಿಂದಿನಿಂದ ಬಂದು ಬಡಿಯುವ ಹ್ಯಾಮರ್‌ಗೆ ಹೇಳುತ್ತಾರೆ. ಇಲ್ಲಿ ಎರಡನ್ನೂ ಬೇರೆ ಬೇರೆ ನೋಡಬೇಕು. ಅದಕ್ಕೇ ಕುದುರೆಯನ್ನು ಪಕ್ಕಕ್ಕೆ ಕಟ್ಟಿಹಾಕಿ, ಟ್ರಿಗರ್ ಮತ್ತು ಹ್ಯಾಮರ್ ಎಂದೇ ಬರೆಯುತ್ತೇನೆ.

ಹ್ಯಾಮರ್ ಅಂದರೆ ಪಿಸ್ತೂಲಿನ ಬೆನ್ನಲ್ಲಿ ಕಾಣುವ ಪುಟ್ಟ ಸುತ್ತಿಗೆ. ಸ್ಪ್ರಿಂಗಿನ ಬಲಕ್ಕೆ ಎದುರಾಗಿ ಅದನ್ನು ಹಿಂದಕ್ಕೆ ಬಗ್ಗಿಸಿ ನಿಲ್ಲಿಸಬೇಕು. ಆಮೇಲೆ ಬಿಡಬೇಕು. ಬಿಟ್ಟಾಗ ಅದು ಫೈರಿಂಗ್ ಪಿನ್ನಿಗೆ ಬಡಿಯುತ್ತದೆ, ಪಿನ್ನು ತೋಟಾದ ಹಿಂಬದಿಗೆ ಚುಚ್ಚುತ್ತದೆ, ಗುಂಡು ಹಾರುತ್ತದೆ. ಅಂದರೆ ಕೆಲಸ ಎರಡು: ಬಗ್ಗಿಸುವುದು, ಬಿಡುವುದು. ಟ್ರಿಗರ್ ಬರೀ ಬಿಡುವ ಕೆಲಸ ಮಾಡಿದರೆ ಅದು ಸಿಂಗಲ್ ಆಕ್ಷನ್. ಎರಡನ್ನೂ ತಾನೇ ಮಾಡಿದರೆ ಡಬಲ್ ಆಕ್ಷನ್.

ಸಿಂಗಲ್ ಆಕ್ಷನ್ ಆದರೆ ಪ್ರತಿ ಸಲವೂ ಹೆಬ್ಬೆರಳಿಂದ ಹ್ಯಾಮರ್ ಎಳೆಯಬೇಕಾ? ರಿವಾಲ್ವರ್ ಆದರೆ ಹೌದು. ಸೆಮಿ-ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಹಾಗಿಲ್ಲ. ಗುಂಡು ಹಾರಿದ ರಭಸಕ್ಕೆ ಮೇಲಿನ ಸ್ಲೈಡು ಹಿಂದಕ್ಕೆ ಜಾರುತ್ತದೆ. ಜಾರುವಾಗ ಖಾಲಿ ತೋಟಾವನ್ನು ಹೊರಗೆಸೆದು, ಹ್ಯಾಮರನ್ನೂ ಬಗ್ಗಿಸಿ ಹೋಗುತ್ತದೆ. ವಾಪಸು ಬರುವಾಗ ಮ್ಯಾಗಜೀನಿನಿಂದ, ಅಂದರೆ ಹಿಡಿಯೊಳಗಿನ ತೋಟಾಗಳ ಡಬ್ಬಿಯಿಂದ, ಇನ್ನೊಂದು ತೋಟಾ ತಳ್ಳಿಕೊಂಡು ಬರುತ್ತದೆ. ಟ್ರಿಗರನ್ನು ಬಿಟ್ಟು ಮತ್ತೆ ಎಳೆದರೆ ಮುಂದಿನ ಗುಂಡು. ಮೊದಲ ಸಲ ಮಾತ್ರ ಸ್ಲೈಡನ್ನು ಕೈಯಿಂದ ಎಳೆದರೆ ಸಾಕು.

ಸಿಂಗಲ್ ಆಕ್ಷನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು 1911 ಎಂಬ ಹೆಸರಿನ ಪಿಸ್ತೂಲು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದು, ಕೋಲ್ಟ್ ಕಂಪನಿ ತಯಾರಿಸಿದ್ದು. ಅಮೆರಿಕದ ಸೇನೆ ಅದನ್ನು 1911ರಲ್ಲಿ ಒಪ್ಪಿಕೊಂಡಿತು, 1985ರಲ್ಲಿ ಬೆರೆಟ್ಟಾ ಎಂ9 ಅನ್ನು ಆರಿಸುವ ತನಕ ಅದೇ ಸೈನಿಕರ ಮುಖ್ಯ ಪಿಸ್ತೂಲಾಗಿತ್ತು. ಇದನ್ನು ಸಿದ್ಧವಾಗಿ ಇಟ್ಟುಕೊಳ್ಳುವ ರೀತಿಗೆ ‘ಕಾಕ್ಡ್ ಅಂಡ್ ಲಾಕ್ಡ್’ ಅನ್ನುತ್ತಾರೆ: ನಳಿಗೆಯೊಳಗೆ ತೋಟಾ ಇದೆ, ಹ್ಯಾಮರ್ ಹಿಂದಕ್ಕೆ ಬಗ್ಗಿದೆ, ಆದರೆ ಹೆಬ್ಬೆರಳಿನ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಚಿಲಕ, ಹಾಕಿದೆ. ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಹಿಡಿಯ ಹಿಂಬದಿಯಲ್ಲಿ ಇನ್ನೊಂದು ಸೇಫ್ಟಿಯೂ ಇದೆ. ಅಂಗೈ ಅದನ್ನು ಒತ್ತಿ ಹಿಡಿಯದೆ ಟ್ರಿಗರ್ ಕೆಲಸ ಮಾಡುವುದಿಲ್ಲ.

1911ರ ಟ್ರಿಗರ್ ಕೀಲಿನ ಮೇಲೆ ತಿರುಗುವುದಿಲ್ಲ, ನೇರವಾಗಿ ಹಿಂದಕ್ಕೆ ಸರಿಯುತ್ತದೆ. ಸ್ವಲ್ಪವೇ ಒತ್ತಿದರೆ ಕಡ್ಡಿ ಮುರಿದ ಹಾಗೆ ಕಟ್ ಅಂತ ಬಿಡುತ್ತದೆ. ಗುರಿ ಹೊಡೆಯುವ ಆಟದವರು ನೂರು ವರ್ಷದ ಮೇಲೂ ಇದನ್ನು ಬಿಡದಿರುವುದು ಮುಖ್ಯವಾಗಿ ಈ ಟ್ರಿಗರಿಗಾಗಿ. ಅದರ .45 ಇಂಚಿನ ದಪ್ಪ ಗುಂಡಿನ ಬಲಕ್ಕಾಗಿ ಅಂತ ಹೇಳುವವರೇ ಜಾಸ್ತಿ, ನಾನು ಅದನ್ನು ಪೂರ್ತಿ ನಂಬುವುದಿಲ್ಲ.

ಇದರ ತಮ್ಮ ಅನ್ನಬಹುದಾದದ್ದು ಬ್ರೌನಿಂಗ್ ಹೈ-ಪವರ್. ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ತೀರಿಕೊಂಡ. ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಬೆಲ್ಜಿಯಂನ ಬಂದೂಕು ಕಾರ್ಖಾನೆ ಎಫ್‌ಎನ್‌ನ ಡ್ಯುಡೊನೆ ಸೇವ್ ಮುಗಿಸಿದ. ಪಿಸ್ತೂಲು 1935ರಲ್ಲಿ ಹೊರಬಂತು. 9 ಮಿಮೀ ತೋಟಾ, ಮ್ಯಾಗಜೀನಿನಲ್ಲಿ 13. 1911ರಲ್ಲಿ ಹಿಡಿಸುತ್ತಿದ್ದದ್ದು 7. ಎರಡನೇ ಮಹಾಯುದ್ಧದಲ್ಲಿ ಇದು ಎರಡೂ ಕಡೆಯವರ ಕೈಯಲ್ಲಿತ್ತು: ಜರ್ಮನ್ನರು ವಶಪಡಿಸಿಕೊಂಡ ಬೆಲ್ಜಿಯಂ ಕಾರ್ಖಾನೆಯಲ್ಲೂ ತಯಾರಾಯಿತು, ಕೆನಡಾದ ಇಂಗ್ಲಿಸ್ ಕಂಪನಿಯಲ್ಲೂ ತಯಾರಾಯಿತು.

ಇದೂ ಸಿಂಗಲ್ ಆಕ್ಷನ್ನೇ. ಆದರೆ ಟ್ರಿಗರಿನ ಅನುಭವ ಬೇರೆ. ಇಲ್ಲಿ ಬೆರಳಿನ ಒತ್ತಡ ಸ್ಲೈಡಿನೊಳಗಿನ ಒಂದು ಸನ್ನೆಕೋಲನ್ನು ಬಳಸಿಕೊಂಡು ಹ್ಯಾಮರ್ ತನಕ ಹೋಗುತ್ತದೆ. ಅದು ಸಾಲದು ಅಂತ ಮ್ಯಾಗಜೀನ್ ಸೇಫ್ಟಿ ಎಂಬ ತುಣುಕು ಬೇರೆ ಇದೆ. ಮ್ಯಾಗಜೀನ್ ಇಲ್ಲದಾಗ ಗುಂಡು ಹಾರದಂತೆ ಅದು ತಡೆಯುತ್ತದೆ. ಮ್ಯಾಗಜೀನ್ ಇದ್ದಾಗ ಅದರ ಮೈಗೆ ಉಜ್ಜಿಕೊಂಡು ಟ್ರಿಗರನ್ನು ತರಕಲು ಮಾಡುತ್ತದೆ. ಕೆಲವರು ಅದನ್ನು ಬಿಚ್ಚಿಸಿ ಹಾಕುತ್ತಾರೆ. ಟ್ರಿಗರ್ ನುಣುಪಾಗುವುದು ನಿಜ, ಆದರೂ ಸೇಫ್ಟಿ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ನೋಡಿ, ಪಿಸ್ತೂಲುಗಳ ಪಟ್ಟಿಯಲ್ಲಿ ಎರಡರ ಮುಂದೆಯೂ ‘ಸಿಂಗಲ್ ಆಕ್ಷನ್’ ಅಂತಲೇ ಬರೆದಿರುತ್ತದೆ. ಬೆರಳಿಗೆ ಮಾತ್ರ ಎರಡೂ ಒಂದೇ ಅಲ್ಲ.

ಡಬಲ್ ಆಕ್ಷನ್ನಿಗೆ ಬಂದರೆ, ಸೆಮಿ-ಆಟೋಮ್ಯಾಟಿಕ್‌ಗಳಲ್ಲಿ ಅದನ್ನು ಜನಪ್ರಿಯ ಮಾಡಿದ್ದು 1929ರ ವಾಲ್ಟರ್ ಪಿಪಿ. ಆಮೇಲೆ ಜರ್ಮನ್ ಸೇನೆಯ ಪಿ38 ಬಂತು. ಇವನ್ನು ಹ್ಯಾಮರ್ ಕೆಳಗಿಟ್ಟೇ, ಅಂದರೆ ಬಗ್ಗಿಸದೆಯೇ, ಒಯ್ಯಬಹುದು. ಮೊದಲ ಗುಂಡಿಗೆ ಟ್ರಿಗರನ್ನು ಉದ್ದಕ್ಕೆ, ಬಲ ಹಾಕಿ ಎಳೆಯಬೇಕು. ಆಮೇಲಿನ ಗುಂಡುಗಳಿಗೆ ಸ್ಲೈಡೇ ಹ್ಯಾಮರ್ ಬಗ್ಗಿಸಿಕೊಡುವುದರಿಂದ ಟ್ರಿಗರ್ ಹಗುರ. ಇದನ್ನೇ ಡಿಎ/ಎಸ್‌ಎ (ಡಬಲ್ ಆಕ್ಷನ್/ಸಿಂಗಲ್ ಆಕ್ಷನ್) ಅಂತ ಬರೆಯುತ್ತಾರೆ. ಒಂದೇ ಪಿಸ್ತೂಲಿನಲ್ಲಿ ಎರಡು ಥರದ ಎಳೆತ. ಮೊದಲ ಗುಂಡು ಒಂದು ಕಡೆ, ಎರಡನೆಯದು ಇನ್ನೊಂದು ಕಡೆ ಬೀಳುತ್ತದೆ ಅಂತ ಕಲಿಯುವವರು ಗೊಣಗುವುದು ಇದಕ್ಕೇ.

ಚೆಕೊಸ್ಲೊವಾಕಿಯಾದಲ್ಲಿ ಕೌಟ್‌ಸ್ಕಿ ಸಹೋದರರು ಮಾಡಿದ ಸಿಝಡ್ 75 ಇಲ್ಲಿ ಒಂದು ಜಾಣ ರಾಜಿ ಮಾಡಿಕೊಂಡಿತು. ಬೇಕಾದರೆ ಹ್ಯಾಮರ್ ಕೆಳಗಿಟ್ಟು ಡಬಲ್ ಆಕ್ಷನ್ ಆಗಿ ಬಳಸಿ. ಬೇಡವಾದರೆ 1911ರ ಹಾಗೆ ಹ್ಯಾಮರ್ ಬಗ್ಗಿಸಿ ಸೇಫ್ಟಿ ಹಾಕಿಡಿ. ಒಂದು ತೊಡಕಿದೆ. ಮೂಲ ಮಾದರಿಯಲ್ಲಿ ಡಿಕಾಕರ್, ಅಂದರೆ ಹ್ಯಾಮರನ್ನು ಸುರಕ್ಷಿತವಾಗಿ ಇಳಿಸುವ ಗುಂಡಿ, ಇಲ್ಲ. ನಳಿಗೆಯಲ್ಲಿ ತೋಟಾ ಇರುವಾಗಲೇ ಹೆಬ್ಬೆರಳಲ್ಲಿ ಹ್ಯಾಮರ್ ಹಿಡಿದು, ಟ್ರಿಗರ್ ಎಳೆದು, ಮೆಲ್ಲಗೆ ಇಳಿಸಬೇಕು. ಬೆವರಿದ ಕೈಗೆ ಹೇಳಿ ಮಾಡಿಸಿದ ಕೆಲಸವಲ್ಲ ಅದು. ಹೊಸಬರಿಗೆ ಡಿಕಾಕರ್ ಇರುವ ನಂತರದ ಮಾದರಿಯೇ ವಾಸಿ.

ಹಾಗಾದರೆ ಆರಿಸುವುದು ಹೇಗೆ? ಗುರಿ ಹೊಡೆಯುವ ಆಟಕ್ಕೆ ಮಾತ್ರ ಅಂದರೆ ನಾನು ಸಿಂಗಲ್ ಆಕ್ಷನ್ ಕಡೆಗೇ ವಾಲುತ್ತೇನೆ. ಪ್ರತಿ ಗುಂಡಿಗೂ ಟ್ರಿಗರ್ ಒಂದೇ ಥರ, ಕಲಿಯುವುದು ಸುಲಭ. ಆದರೆ ಕೈಯ ಅಳತೆಯನ್ನು ಮರೆಯಬಾರದು. ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಪಿಸ್ತೂಲು ಖಾಲಿ ಅಂತ ಎರಡು ಸಲ ಕಣ್ಣಾರೆ ನೋಡಿ. ಆಮೇಲೆ ಹಿಡಿದು ನೋಡಿ. ಹ್ಯಾಮರ್ ಕೆಳಗಿದ್ದಾಗ ಡಬಲ್ ಆಕ್ಷನ್ ಟ್ರಿಗರ್ ದೂರದಲ್ಲಿರುತ್ತದೆ. ಹಿಡಿತ ತಿರುಗಿಸದೆ ನಿಮ್ಮ ಬೆರಳು ಅಲ್ಲಿಗೆ ಮುಟ್ಟದಿದ್ದರೆ ಆ ಪಿಸ್ತೂಲು ನಿಮ್ಮದಲ್ಲ, ಎಷ್ಟೇ ಚೆಂದ ಇದ್ದರೂ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಚರ್ಮವನ್ನೂ ಗಮನಿಸಿ. ಹೈ-ಪವರ್‌ನ ಹ್ಯಾಮರ್ ಹಿಂದೆ ಬರುವಾಗ ಅಲ್ಲಿ ಕಚ್ಚುತ್ತದೆ ಅನ್ನುವ ದೂರು ಹಳೆಯದು. ಮೊದಲ 1911ಗಳೂ ಕಚ್ಚುತ್ತಿದ್ದವು. 1920ರ ದಶಕದ ಎ1 ಮಾದರಿಯಲ್ಲಿ ಹಿಡಿಯ ಹಿಂದಿನ ಬಾಲವನ್ನು ಉದ್ದ ಮಾಡಿದ್ದು ಅದಕ್ಕೇ.

ಎರಡು 1911ಗಳ ನಡುವೆಯೇ ಆರಿಸಬೇಕಾಗಿ ಬಂದರೆ ‘ಸೀರೀಸ್ 70’, ‘ಸೀರೀಸ್ 80’ ಎಂಬ ಮಾತು ಕಿವಿಗೆ ಬೀಳುತ್ತದೆ. ಕೋಲ್ಟ್ 1983ರಲ್ಲಿ ತಂದ ಸೀರೀಸ್ 80ರಲ್ಲಿ, ಟ್ರಿಗರ್ ಎಳೆಯದ ಹೊರತು ಫೈರಿಂಗ್ ಪಿನ್ ಮುಂದೆ ಹೋಗದಂತೆ ಒಂದು ತಡೆ ಇದೆ; ಹಳೆಯ ಸೀರೀಸ್ 70ರಲ್ಲಿ ಅದಿಲ್ಲ. ಕೈಜಾರಿ ಬಿದ್ದಾಗ ಅದು ಕಾಪಾಡುತ್ತದೆ. ಅದಕ್ಕೆ ತೆರಬೇಕಾದದ್ದು ಟ್ರಿಗರಿನ ನಯದಲ್ಲಿ ಒಂಚೂರು. ಅದು ಚಾಂಪಿಯನ್ನನ ಬೆರಳಿಗೆ ಗೊತ್ತಾಗಬಹುದು, ನನ್ನಂಥವರ ಬೆರಳಿಗಂತೂ ಗೊತ್ತಾಗುವುದಿಲ್ಲ.