ಆಪ್ ನಿಲ್ಲಿಸ್ದೆ ಲಾಗ್ ಫೈಲ್ ರೊಟೇಟ್ ಮಾಡೋದು

ಆಪ್ ತಾನೇನ್ ಮಾಡ್ತಿದೀನಿ ಅಂತ ಬರ್ಕೊಳ್ಳೋ ಫೈಲೇ ಲಾಗ್, ಅದು ಬೆಳೀತಾನೇ ಹೋಗತ್ತೆ, ಅದಕ್ಕೆ ಆಗಾಗ ಹಳೇದನ್ನ ಪಕ್ಕಕ್ಕಿಟ್ಟು ಹೊಸದು ಶುರು ಮಾಡೋದೇ ರೊಟೇಟ್. ಮೊದ್ಲು ನನ್ ಎಡವಟ್ಟು ಹೇಳ್ಬಿಡ್ತೀನಿ. ಪ್ರಾಕ್ಟೀಸ್‌ಗೆ ಇಟ್ಕೊಂಡಿದ್ದ 20 ಜಿಬಿ ಸರ್ವರ್‌ನಲ್ಲಿ ಡಿಸ್ಕ್ ಫುಲ್ ಆಯ್ತು, ನೋಡಿದ್ರೆ ಒಂದೇ ಲಾಗ್ ಫೈಲು 14 ಜಿಬಿ, ಡಿಲೀಟ್ ಮಾಡೋ ಕಮಾಂಡ್ ಆರ್‌ಎಮ್ ಹೊಡ್ದು ಟೀ ಕುಡ್ಯೋಕೆ ಹೋದೆ, ಬಂದು ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳೋ ಡಿಎಫ್ ಹಾಕಿದ್ರೆ ಇನ್ನೂ 100 ಪರ್ಸೆಂಟ್! ಒಂದೊಂದೇ ಫೈಲ್ ಸೈಜ್ ಕೂಡೋ ಡಿಯು ಲೆಕ್ಕದಲ್ಲಿ ಮಾತ್ರ ಆ ಫೈಲೇ ಇಲ್ಲ.

ಲಿನಕ್ಸ್‌ನಲ್ಲಿ ಫೈಲೇ ಬೇರೆ, ಅದರ ಹೆಸ್ರೇ ಬೇರೆ. ಅಸಲಿ ಫೈಲು ಅಂದ್ರೆ ಐನೋಡ್, ಹೆಸ್ರು ಅದಕ್ಕೆ ಅಂಟಿಸಿದ ಚೀಟಿ. ಆಪ್ ಶುರುವಾದಾಗ ಒಂದ್ಸಲ ಹೆಸ್ರು ಹಿಡ್ಕೊಂಡು ಓಪನ್ ಮಾಡತ್ತೆ, ಆಮೇಲೆ ಫೈಲ್ ಡಿಸ್ಕ್ರಿಪ್ಟರ್ (ಓಪನ್ ಮಾಡಿದ ಫೈಲ್‌ಗೆ ಸಿಗೋ ನಂಬರ್) ಕೈಲಿದ್ರೆ ಸಾಕು, ಹೆಸ್ರಿನ ಕಡೆ ತಿರುಗೂ ನೋಡಲ್ಲ. ನಾನು ಅಳಿಸಿದ್ದು ಬರೀ ಹೆಸ್ರು, ಆಪ್ ಅದನ್ನ ಓಪನ್ ಇಟ್ಕೊಂಡಿರೋವರ್ಗೂ ಜಾಗ ವಾಪಸ್ ಬರಲ್ಲ. ನಮ್ ಕೋಲಾರದ ಟೊಮೇಟೊ ಮಂಡೀಲಿ ಹರಾಜು ನಡೀವಾಗ ರೈಟರ್ ತಲೆ ಎತ್ತದೆ ಬಾಕ್ಸು, ರೇಟು ಬರೀತಾ ಇರ್ತಾರಲ್ಲ, ಆಗ ರಟ್ಟಿನ ಮೇಲಿನ ಚೀಟಿ ಕಿತ್ತು 'ನಿನ್ನೇದು' ಅಂತ ಅಂಟಿಸಿ, ಪಕ್ಕದಲ್ಲೇ ಹೊಸ ಪುಸ್ತಕ ಇಟ್ರೂ ಅವರು ಹಳೇದ್ರಲ್ಲೇ ಬರೀತಾರೆ, "ಅಣ್ಣಾ, ಬುಕ್ ಬದ್ಲಾಯ್ಸಿ" ಅನ್ನೋವರ್ಗೂ.

ಆ "ಅಣ್ಣಾ" ಅನ್ನೋದೇ ಸಿಗ್ನಲ್, ಓಡ್ತಿರೋ ಪ್ರೋಗ್ರಾಂಗೆ ಕಳ್ಸೋ ಪುಟ್ಟ ಸೂಚನೆ. ಈ ರೊಟೇಟ್ ಕೆಲ್ಸ ಮಾಡೋ ಟೂಲ್ ಲಾಗ್‌ರೊಟೇಟ್ ಮೊದ್ಲು ಹಳೇ ಫೈಲ್ ಹೆಸ್ರು ಬದ್ಲಾಯ್ಸತ್ತೆ, ಆಮೇಲೆ ಕ್ರಿಯೇಟ್ ಅಂತ ಹಾಕಿದ್ರೆ ಖಾಲಿ ಫೈಲ್ ಮಾಡತ್ತೆ, ಕೊನೇಲಿ ಪೋಸ್ಟ್‌ರೊಟೇಟ್‌ನಲ್ಲಿ ನಾವು ಬರ್ದಿರೋ ಕಮಾಂಡ್ ಓಡ್ಸತ್ತೆ. ಎಂಜಿನ್‌ಎಕ್ಸ್ ವೆಬ್ ಸರ್ವರ್ ಆದ್ರೆ ಅದರ ಮಾಸ್ಟರ್ ಪ್ರೋಸೆಸ್‌ಗೆ ಯುಎಸ್‌ಆರ್1 ಅನ್ನೋ ಸಿಗ್ನಲ್ ಕಳಿಸ್ಬೇಕು, ಲಾಗ್ ಹೊಸದಾಗಿ ಓಪನ್ ಮಾಡ್ಕೊಳತ್ತೆ, ಕನೆಕ್ಷನ್ ಕಟ್ ಆಗಲ್ಲ. ಕಳ್ಸೋ ಕಮಾಂಡ್ ಹೆಸ್ರು ಕಿಲ್, ಯಾವನು ಇಟ್ನೋ. ಆದ್ರೆ ಕಣ್ಮುಚ್ಕೊಂಡು ಎಲ್ಲಾದಕ್ಕೂ ಯುಎಸ್‌ಆರ್1 ಕಳಿಸ್ಬೇಡಿ, ಅದನ್ನ ಹ್ಯಾಂಡಲ್ ಮಾಡೋ ಕೋಡ್ ಇಲ್ದಿರೋ ಪ್ರೋಗ್ರಾಂ ಅಲ್ಲೇ ಸಾಯತ್ತೆ. ಸಿಸ್ಟಂ ಲಾಗ್ ಬರೆಯೋ ಆರ್‌ಸಿಸ್‌ಲಾಗ್‌ಗೆ ಬೇಕಾಗಿರೋದು ಎಚ್‌ಯುಪಿ ಅನ್ನೋ ಸಿಗ್ನಲ್.

ಹಳೇ ಲಾಗ್ ಕಂಪ್ರೆಸ್ ಮಾಡೋದನ್ನ ಮುಂದೂಡೋ ಡಿಲೇಕಂಪ್ರೆಸ್ ಆಪ್ಷನ್ ಯಾಕೆ ಅಂತ ತುಂಬಾ ಜನಕ್ಕೆ ಡೌಟು. ಸಿಗ್ನಲ್ ಹೋದ್ಮೇಲೂ ಆಪ್ ಸ್ವಲ್ಪ ಹೊತ್ತು ಹಳೇ ಫೈಲ್‌ಗೇ ಬರೀತಿರ್ಬೋದು, ಆಗ್ಲೇ ಜಿಜಿಪ್‌ನಲ್ಲಿ ಕಂಪ್ರೆಸ್ ಮಾಡಿದ್ರೆ ಆ ಲೈನ್ ಹೋಯ್ತು, ಅದಕ್ಕೆ ಮುಂದಿನ ರೌಂಡ್‌ಗೆ ಬಿಡೋದು.

ಇನ್ನು ಹೇಳಿದ್ ಮಾತು ಕೇಳದ ಆಪ್‌ಗಳಿಗೆ ಕಾಪಿಟ್ರಂಕೇಟ್: ಕಾಪಿ ತಗೊಂಡು ಅದೇ ಫೈಲನ್ನ ಸೊನ್ನೆ ಮಾಡತ್ತೆ. ಎರಡರ ಮಧ್ಯೆ ಬಂದ ಲೈನ್‌ಗಳು ಮಾಯ. ಆಪ್ ಅಪೆಂಡ್ ಮೋಡ್‌ನಲ್ಲಿ (ಯಾವಾಗ್ಲೂ ಫೈಲ್ ಕೊನೇಲೇ ಸೇರಿಸೋ ಥರ) ಓಪನ್ ಮಾಡಿಲ್ಲಾಂದ್ರೆ ಇನ್ನೂ ಮಜಾ, ಅದು ಹಳೇ ಜಾಗದಿಂದಲೇ ಬರೀತಾ ಹೋಗತ್ತೆ, ಮುಂದೆಲ್ಲಾ ಬರೀ ಸೊನ್ನೆ ಬೈಟು, ಫೈಲ್ ಪಟ್ಟಿ ತೋರ್ಸೋ ಎಲ್‌ಎಸ್ ಮತ್ತೆ 14 ಜಿಬಿ ಅನ್ನತ್ತೆ. ನಾನಂತೂ ಬೇರೆ ದಾರಿ ಇದ್ರೆ ಇದನ್ನ ಮುಟ್ಟಲ್ಲ.

ಅವತ್ತು ಆಪ್ ರೀಸ್ಟಾರ್ಟ್ ಮಾಡಿ ಜಾಗ ವಾಪಸ್ ತಗೊಂಡೆ. ಬೇಕಿರ್ಲಿಲ್ಲ, ಓಪನ್ ಇರೋ ಫೈಲ್ ಪಟ್ಟಿ ಕೊಡೋ ಎಲ್‌ಎಸ್‌ಒಎಫ್‌ನಲ್ಲಿ 'ಡಿಲೀಟೆಡ್' ಅಂತ ತೋರ್ಸೋ ಫೈಲನ್ನ ಪ್ರಾಕ್ ಫೋಲ್ಡರ್‌ನಲ್ಲಿ ಆ ಆಪ್‌ನ ಎಫ್‌ಡಿ (ಫೈಲ್ ಡಿಸ್ಕ್ರಿಪ್ಟರ್) ಒಳಗಿಂದಲೇ ಖಾಲಿ ಮಾಡ್ಬೋದಿತ್ತು.

ಕಾನ್ಫಿಗ್ ಬರ್ದ್ಮೇಲೆ ಲಾಗ್‌ರೊಟೇಟ್ ಕಮಾಂಡ್‌ಗೆ ಮೈನಸ್ ಡಿ ಹಾಕಿ, ಏನನ್ನೂ ಮುಟ್ಟದೆ ಏನ್ ಮಾಡತ್ತೆ ಅಂತ ತೋರ್ಸತ್ತೆ. ಆಮೇಲೆ ಮೈನಸ್ ಎಫ್ ಹಾಕಿ ನಿಜವಾಗ್ಲೂ ಓಡ್ಸಿ. ಫೈಲ್ ಕೊನೇ ಲೈನ್‌ಗಳು ತೋರ್ಸೋ ಟೇಲ್‌ನಲ್ಲಿ ಲಾಗ್ ನೋಡ್ತಾ ಕೂತಿದ್ರೆ, ಟೇಲ್‌ಗೆ ಚಿಕ್ಕ ಎಫ್ ಹಾಕ್ಬೇಡಿ, ಅದೂ ಮಂಡಿ ರೈಟರ್ ಥರಾನೇ ಹಳೇ ಪುಸ್ತಕಕ್ಕೆ ಅಂಟ್ಕೊಂಡಿರತ್ತೆ, ದೊಡ್ಡ ಎಫ್ ಹಾಕಿ.