ಮದ್ದಲೆ ಹುಡುಗ, ಕಲ್ಲಿನ ಊರು: ಬಳ್ಳಿಗಾವಿಯಲ್ಲಿ ಅಲ್ಲಮನನ್ನು ಹುಡುಕುತ್ತಾ

ಬಳ್ಳಿಗಾವಿಗೆ ಮೊದಲ ಸಲ ಹೋದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಮಪ್ರಭು ಹುಟ್ಟಿದ ಮನೆ ಎಲ್ಲಿ? ಈಗ ನೆನೆದರೆ ನಗು ಬರುತ್ತದೆ. 12ನೇ ಶತಮಾನದ ಮನೆ ನಿಂತಿರುತ್ತದೆ ಅಂತ ಯಾಕೆ ಅಂದುಕೊಂಡೆನೋ. ನಮ್ಮ ಮಳೆಗೆ ಮಣ್ಣಿನ ಗೋಡೆ, ಮರದ ತೊಲೆ ಎಷ್ಟು ವರ್ಷ ತಡೆದೀತು? ಉಳಿದಿರುವುದು ಕಲ್ಲು ಮಾತ್ರ. ಅದೂ ರಾಶಿ ರಾಶಿ. ಕಲ್ಲನ್ನು ಕಂಡರಾಗದ ಕವಿಯ ಊರಿನಲ್ಲಿ ಉಳಿದದ್ದು ಕಲ್ಲೇ.

ಊರು ಈಗ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದಿಂದ ಸುಮಾರು 70 ಕಿಲೋಮೀಟರ್. ಶಿರಾಳಕೊಪ್ಪದಲ್ಲಿ ಇಳಿದರೆ ಅಲ್ಲಿಂದ ಆಟೋ ಸಾಕು. ಹಂಚಿನ ಮನೆ, ಹಿತ್ತಲಲ್ಲಿ ಬಾಳೆ, ಗದ್ದೆ, ಕೆರೆ. ರಾಜಧಾನಿಯ ಲಕ್ಷಣ ಏನೂ ಕಾಣುವುದಿಲ್ಲ. ಆದರೆ 11 ಮತ್ತು 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕೈಕೆಳಗೆ ಬನವಾಸಿ 12,000 ಅನ್ನುವ ದೊಡ್ಡ ಪ್ರಾಂತ್ಯದ ಆಡಳಿತ ನಡೆದದ್ದು ಇಲ್ಲಿಂದ. ಬಳ್ಳಿಗಾವೆ, ಬಳ್ಳಿಗ್ರಾಮ, ಬಳ್ಳಿಪುರ ಅಂತ ಶಾಸನಗಳಲ್ಲಿ ಹೆಸರುಗಳೂ ಜಾಸ್ತಿ. ದಕ್ಷಿಣ ಕೇದಾರ ಅನ್ನುವ ಬಿರುದು ಬೇರೆ.

ಆಗಿನ ಗತ್ತು ನೋಡಬೇಕೆಂದರೆ ಊರಿನಲ್ಲಿರುವ ಭೇರುಂಡೇಶ್ವರ ಕಂಬದ ಕೆಳಗೆ ನಿಂತು ಕತ್ತೆತ್ತಿ. ಚಾವುಂಡರಾಯರಸ ಎಂಬ ಮಹಾಮಂಡಲೇಶ್ವರ 1047ರಲ್ಲಿ ನಿಲ್ಲಿಸಿದ ಕಂಬ ಅದು. ತುದಿಯಲ್ಲಿ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಇದೇ ಗಂಡಭೇರುಂಡ ಮುಂದೆ ಮೈಸೂರು ಅರಸರ ಲಾಂಛನವಾಯಿತು, ಆಮೇಲೆ ಕರ್ನಾಟಕ ಸರ್ಕಾರದ್ದೂ ಆಯಿತು. ಶಿರಾಳಕೊಪ್ಪಕ್ಕೆ ನಮ್ಮನ್ನು ತಂದಿಳಿಸಿದ ಸರ್ಕಾರಿ ಬಸ್ಸಿನ ಮೈಮೇಲೂ ಅದೇ ಹಕ್ಕಿ.

ಗುಡಿಗಳ ಕಥೆ ಕೇಳಲೇಬೇಡಿ. ಕೇದಾರೇಶ್ವರ, ತ್ರಿಪುರಾಂತಕೇಶ್ವರ, ಪಂಚಲಿಂಗ. ಚಾಲುಕ್ಯರ ಅಧಿಕಾರಿ ರೂಪಭಟ್ಟಯ್ಯ 1065ರಲ್ಲಿ ಕಟ್ಟಿಸಿದ ಬೌದ್ಧ ವಿಹಾರವೂ ಇಲ್ಲಿತ್ತು. ಹರಿ, ಹರ, ಬ್ರಹ್ಮ, ಜಿನ, ಬುದ್ಧ, ಐವರ ಆಲಯಗಳೂ ಈ ಒಂದೇ ಊರಿನಲ್ಲಿದ್ದವು ಅಂತ ಶಾಸನವೇ ಹೆಮ್ಮೆಯಿಂದ ಹೇಳುತ್ತದೆ. ಇಲ್ಲಿನ ಶಿಲ್ಪಿಗಳಿಗೆ ಹೊರಗಡೆಯೂ ಬೇಡಿಕೆ. ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡ ದಾಸೋಜ ಬಳ್ಳಿಗಾವಿಯವನು. ಅವನ ಮಗ ಚಾವಣನೂ ಅಲ್ಲಿ ಕೆಲಸ ಮಾಡಿದ್ದಾನೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಕೋಡಿಮಠದ 1162ರ ಶಾಸನ. ಕೇದಾರೇಶ್ವರ ಗುಡಿಗೆ ಸೇರಿದ್ದ ಕಾಳಾಮುಖ ಶೈವರ ಮಠ ಅದು. ಕೋಡಿ ಅಂದರೆ ಕೆರೆ ತುಂಬಿ ಹೊರಗೆ ಹರಿಯುವ ಜಾಗ, ನಮ್ಮವರಿಗೆ ಹೇಳಬೇಕಿಲ್ಲ. ಮಠದಲ್ಲಿ ಏನೇನು ಕಲಿಸುತ್ತಿದ್ದರು ಅಂತ ಶಾಸನ ಪಟ್ಟಿ ಕೊಡುತ್ತದೆ. ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ, ಯೋಗಶಾಸ್ತ್ರ, 18 ಪುರಾಣ, ಕಾವ್ಯ, ನಾಟಕ. ಶೈವ ಮಠದಲ್ಲಿ ಬೌದ್ಧ ದರ್ಶನದ ಪಾಠ! ವಾದ ಮಾಡಬೇಕಾದರೆ ಎದುರಾಳಿಯ ಪುಸ್ತಕವನ್ನೂ ಓದಿರಬೇಕಲ್ವಾ. ಇದೇ ಊರಿನ ಕಾಳಾಮುಖ ಗುರು ಲಕುಲೀಶ್ವರ ಪಂಡಿತನಿಗೆ ‘ವಾದಿರುದ್ರಗಣ’ ಎಂಬ ಬಿರುದೇ ಇತ್ತು.

ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಬಡವರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅಲ್ಲಿ ಊಟ. ರೋಗಿಗಳಿಗೆ ಔಷಧಿ. ಜೈನ, ಬೌದ್ಧ ಸನ್ಯಾಸಿಗಳು ಬಂದರೂ ಅನ್ನ. ಅದರ ಜೊತೆಗೇ ಹಾಡುವವರು, ಕಥೆ ಹೇಳುವವರು, ವಾದ್ಯ ನುಡಿಸುವವರು, ಕುಣಿಯುವವರು, ಅವರಿಗೂ ಎಲೆ ಹಾಕುತ್ತಿದ್ದರು. ವಾದ್ಯ ನುಡಿಸುವವರು ಅನ್ನುವ ಕಡೆ ನಾನು ಸ್ವಲ್ಪ ಹೊತ್ತು ನಿಂತೆ. ನಾವು ಹುಡುಕುತ್ತಿದ್ದ ಹುಡುಗನ ಕಸುಬೂ ಅದೇ ತಾನೇ?

ಅಲ್ಲಮನ ಬದುಕು ನಮಗೆ ಸಿಕ್ಕಿರುವುದು ಕವಿಗಳ ಬಾಯಿಂದ. ಕವಿಗಳು ಇಬ್ಬರು, ಕಥೆಯೂ ಎರಡು. ತಕರಾರು ಶುರುವಾಗುವುದೇ ಇಲ್ಲಿ.

ಮೊದಲು ಹೇಳಿದವನು ಹರಿಹರ, ಪ್ರಭುದೇವರ ರಗಳೆಯಲ್ಲಿ. ಅಲ್ಲಮ ಕಣ್ಮರೆಯಾಗಿ ಕೆಲವೇ ದಶಕ ಕಳೆದಿತ್ತು ಅನ್ನಬಹುದು. ಅವನ ಅಲ್ಲಮ ಬಳ್ಳಿಗಾವಿಯವನು. ತಂದೆ ನಾಗವಾಸದ ಯಜಮಾನ, ಅಂದರೆ ಗುಡಿಯಲ್ಲಿ ಹಾಡಿ ಕುಣಿಯುವ ಮೇಳದ ಮುಖ್ಯಸ್ಥ. ಮಗ ಮದ್ದಲೆಯಲ್ಲಿ ಎತ್ತಿದ ಕೈ. ಕಮಲತೆ ಎಂಬ ಹೆಣ್ಣನ್ನು ಪ್ರೀತಿಸುತ್ತಾನೆ, ಅವಳ ಜೊತೆ ಸುಖವಾಗಿರುತ್ತಾನೆ. ಒಂದು ದಿನ ಜ್ವರ ಬಂದು ಅವಳು ಸಾಯುತ್ತಾಳೆ. ಇವನು ಹುಚ್ಚನಂತೆ ಅಲೆಯುತ್ತಾನೆ. ಊರ ಹೊರಗಿನ ತೋಪಿನಲ್ಲಿ ಕೂತು ಸುಮ್ನೆ ಕಾಲ್ಬೆರಳಿಂದ ನೆಲ ಕೆರೆಯುವಾಗ ಚಿನ್ನದ ಕಳಸವೊಂದರ ತುದಿ ಕಾಣುತ್ತದೆ. ಅಗೆಸಿದರೆ ಅದರ ಕೆಳಗೆ ಇಡೀ ಗುಡಿ. ಒಳಗೆ ಅನಿಮಿಷಯ್ಯ ಎಂಬ ಯೋಗಿ, ಅಂಗೈಯಲ್ಲಿ ಲಿಂಗ. ಲಿಂಗ ಅಲ್ಲಮನ ಕೈಗೆ ಬರುತ್ತದೆ, ಯೋಗಿಯ ಉಸಿರು ನಿಲ್ಲುತ್ತದೆ. ಅಲ್ಲಮ ಮತ್ತೆ ಮನೆಗೆ ಹೋಗುವುದಿಲ್ಲ. ಅವನ ವಚನಗಳ ಅಂಕಿತ ‘ಗುಹೇಶ್ವರ’ ಹುಟ್ಟಿದ್ದು ಆ ನೆಲದಡಿಯ ಕತ್ತಲಿನಿಂದ ಅಂತ ನನಗನ್ನಿಸುತ್ತದೆ.

ಎರಡನೆಯವನು ಚಾಮರಸ. 15ನೇ ಶತಮಾನ, ವಿಜಯನಗರದ ಇಮ್ಮಡಿ ದೇವರಾಯನ ಕಾಲ. ಕಾವ್ಯ ಪ್ರಭುಲಿಂಗಲೀಲೆ. ಅಷ್ಟು ಹೊತ್ತಿಗೆ ಅಲ್ಲಮ ಪೂಜೆಗೆ ನಿಂತಾಗಿತ್ತು. ಕಲ್ಯಾಣದ ಶರಣರ ಸಭೆಯ ಹಿರಿಯ ಪೀಠವಾದ ಶೂನ್ಯ ಸಿಂಹಾಸನ ಏರಿದ ಪ್ರಭು ಒಬ್ಬ ಹುಡುಗಿಗಾಗಿ ಅತ್ತ ಅಂದರೆ ಹೇಗೆ? ಚಾಮರಸ ಕಥೆಯನ್ನೇ ತಿರುಗಿಸಿಬಿಟ್ಟ. ಅವನಲ್ಲಿ ಬನವಾಸಿಯ ರಾಜಕುಮಾರಿ ಮಾಯೆ ಮಧುಕೇಶ್ವರನ ಗುಡಿಯಲ್ಲಿ ಕುಣಿಯುತ್ತಾಳೆ, ಅಲ್ಲಮ ಮದ್ದಲೆ ನುಡಿಸುತ್ತಾನೆ. ಅವಳು ಸೋಲುತ್ತಾಳೆ, ಇವನಿಗೆ ಏನೂ ಅಂಟುವುದಿಲ್ಲ. ಕಾವ್ಯವಾಗಿ ಅದು ಸೊಗಸೇ. ಆದರೆ ಕಮಲತೆ ಕಾಣೆಯಾದಳು. ಜ್ವರ, ಸಾವು, ಅಳು ಎಲ್ಲವೂ ಅವಳ ಹಿಂದೆಯೇ ಹೋದವು.

ಮಲೆನಾಡಿನವರಿಗೆ ಮದ್ದಲೆ ಅಂದರೆ ಯಕ್ಷಗಾನ. ಆಟ ನೋಡುವಾಗ ಒಮ್ಮೆ ವೇಷ ಬಿಟ್ಟು ಮದ್ದಲೆಗಾರನನ್ನು ನೋಡಿ. ಅವನ ಬೆರಳು ಚರ್ಮದ ಮೇಲೆ, ಕಣ್ಣು ಮಾತ್ರ ಕುಣಿಯುವವರ ಹೆಜ್ಜೆಯ ಮೇಲೆ. ರಾತ್ರಿಯಿಡೀ ಇನ್ನೊಬ್ಬರ ಕಾಲನ್ನೇ ನೋಡುತ್ತಾ ಕೂರುವ ಕೆಲಸ ಅದು. ಹಾಗೆ ನೋಡುತ್ತಾ ಕೂತವನಿಗೆ ಏನೂ ಅಂಟಲಿಲ್ಲ ಅಂತ ಚಾಮರಸ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ. ನನ್ನ ಓಟು ಹರಿಹರನಿಗೆ. ಇನ್ನೊಂದು ಕಾರಣವೂ ಇದೆ. ಹೂತುಹೋದ ಗುಡಿಯ ಮೇಲೆ ಜನ ಓಡಾಡುವುದು ಬಳ್ಳಿಗಾವಿಯಂಥ ಊರಿನಲ್ಲಿ ಪವಾಡವೇನಲ್ಲ.

ತ್ರಿಪುರಾಂತಕೇಶ್ವರ ಗುಡಿಗೆ ಬನ್ನಿ. ಬಾಗಿಲ ಪಕ್ಕದ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿಯಲ್ಲಿ, ಹೂಬಳ್ಳಿ, ಬಳ್ಳಿಯ ಸುರುಳಿಗಳಲ್ಲಿ ಪುಟ್ಟ ಪುಟ್ಟ ಆಕೃತಿಗಳು. ಹೊರಗೋಡೆಯ ಬುಡದಲ್ಲಿ ಪಂಚತಂತ್ರದ ಕಥೆಗಳು, ಮಿಥುನ ಶಿಲ್ಪಗಳು. ಬಗ್ಗಿ ನೋಡಬೇಕು, ಅಷ್ಟು ಚಿಕ್ಕವು. ಅಲ್ಲಮ ಹುಟ್ಟುವ ಹೊತ್ತಿಗೆ ಈ ಗುಡಿ ನಿಂತಿತ್ತು. ಇಂಥ ಕೆತ್ತನೆಗಳ ನಡುವೆ ಬೆಳೆದವನು ಮುಂದೆ ಹೇಳಿದ ಮಾತು ಇದು:

ಕಲ್ಲ ಮನೆಯ ಮಾಡಿ ಕಲ್ಲ ದೇವರ ಮಾಡಿ
ಆ ಕಲ್ಲು ಕಲ್ಲ ಮೇಲೆ ಕೆಡೆದಡೆ ದೇವರೆತ್ತ ಹೋದರೋ?

ಕೊನೆಯ ಸಾಲು ಇನ್ನೂ ಖಾರ. ಲಿಂಗಪ್ರತಿಷ್ಠೆ ಮಾಡಿದವನಿಗೆ ನಾಯಕನರಕ ಅನ್ನುತ್ತಾನೆ. ತರಗತಿಯಲ್ಲಿ ಓದಿದಾಗ ಇದು ನನಗೆ ಬರೀ ತತ್ವದ ಮಾತಾಗಿ ಕೇಳಿತ್ತು. ಬಳ್ಳಿಗಾವಿಯಲ್ಲಿ ಓದಿದರೆ ಮನೆಯವರ ಜಗಳದ ಹಾಗೆ ಕೇಳಿಸುತ್ತದೆ. ಹೊರಗಿನಿಂದ ಬಂದು ಗುಡಿಯನ್ನು ಬೈದವನಲ್ಲ ಇವನು. ಅಪ್ಪನ ಸಂಬಳ, ತನ್ನ ಮದ್ದಲೆ, ಮನೆಯ ಅನ್ನ ಎಲ್ಲವೂ ಗುಡಿಯಿಂದಲೇ ಬಂದದ್ದು, ಹರಿಹರನ ಮಾತು ನಂಬುವುದಾದರೆ. ಅವನ ವಾದದ ಪಟ್ಟೂ ನನಗೆ ಈ ಊರಿನ ಗಾಳಿಯದ್ದು ಅನ್ನಿಸುತ್ತದೆ. ಶರಣರ ಮಾತುಕತೆಗಳನ್ನು ವಚನಗಳಲ್ಲೇ ಹೆಣೆದ ಶೂನ್ಯಸಂಪಾದನೆಯಲ್ಲಿ ಸೊನ್ನಲಿಗೆಗೆ (ಈಗಿನ ಸೊಲ್ಲಾಪುರ) ಹೋಗಿ ಕೆರೆ, ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನನ್ನೇ ಕೆಣಕುತ್ತಾನೆ. ಕಲ್ಯಾಣಕ್ಕೆ ಹೋಗಿ ಬಸವಣ್ಣನನ್ನೂ ಬಿಡುವುದಿಲ್ಲ.

ಅಲ್ಲೇ ಅಕ್ಕಮಹಾದೇವಿಯನ್ನೂ ಪರೀಕ್ಷೆ ಮಾಡುತ್ತಾನೆ. ಬಟ್ಟೆ ಬಿಟ್ಟ ಮೇಲೆ ಮೈಯನ್ನು ಕೂದಲಿನಿಂದ ಯಾಕೆ ಮುಚ್ಚಿಕೊಂಡೆ ಅಂತ ಕೇಳುತ್ತಾನೆ. ಅವಳೂ ಸುಮ್ಮನಿರುವವಳಲ್ಲ. ಅಕ್ಕನ ಊರು ಉಡುತಡಿ, ಈಗಿನ ಉಡುಗಣಿ, ಇದೇ ಶಿಕಾರಿಪುರ ತಾಲ್ಲೂಕಿನದು. ಪಕ್ಕದೂರಿನ ಇಬ್ಬರು ಅಷ್ಟು ದೂರ ನಡೆದು ಹೋಗಿ ಎದುರುಬದುರು ಕೂತರು. ಊರ ಕಡೆಯ ಒಂದು ಮಾತನ್ನೂ ಆಡಿಕೊಳ್ಳಲಿಲ್ಲವೇ ಅಂತ ನನಗೆ ಕುತೂಹಲ.

ಅಲ್ಲಮನ ಸಾವಿರಕ್ಕೂ ಹೆಚ್ಚು ವಚನ ಉಳಿದಿವೆ. ಹಲವು ಬೆಡಗಿನವು, ಸುಲಭಕ್ಕೆ ಬಿಡಿಸಲಾಗದವು. ಎಲ್ಲರಿಗೂ ಬಾಯಿಗೆ ಬರುವುದು ಮಾಮರ, ಕೋಗಿಲೆಯ ವಚನ. ‘ಬೆಟ್ಟದ ನೆಲ್ಲಿಯ ಕಾಯಿ, ಸಮುದ್ರದೊಳಗಣ ಉಪ್ಪು, ಎತ್ತಣಿಂದೆತ್ತ ಸಂಬಂಧವಯ್ಯಾ?’ ವ್ಯಾಖ್ಯಾನ ಮಾಡುವವರು ಇದರಲ್ಲಿ ಏನೇನೋ ಕಾಣುತ್ತಾರೆ. ನನಗೆ ಕಾಣುವುದು ಉಪ್ಪಿನಕಾಯಿ ಭರಣಿ. ನೆಲ್ಲಿ ನಮ್ಮ ಗುಡ್ಡದಲ್ಲೇ ಸಿಗುತ್ತದೆ, ಉಪ್ಪು ಮಾತ್ರ ಘಟ್ಟ ಹತ್ತಿ ಬರಬೇಕು. ಕರಾವಳಿಗೂ ಬಯಲುಸೀಮೆಗೂ ನಡುವೆ ಕೂತ ಪೇಟೆಯ ಹುಡುಗನಿಗೆ ಈ ಉಪಮೆ ಹೊಳೆಯದೆ ಇನ್ಯಾರಿಗೆ ಹೊಳೆಯಬೇಕು?

ಚಾಲುಕ್ಯರು ಹೋದರು, ಅಧಿಕಾರ ಬೇರೆ ಕಡೆ ಸರಿಯಿತು, ಪೇಟೆ ಹಳ್ಳಿಯಾಯಿತು. ಬಿ. ಎಲ್. ರೈಸ್ 1902ರಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳ ಸಂಪುಟ ಅಚ್ಚು ಹಾಕಿಸಿದಾಗ ಬಳ್ಳಿಗಾವಿಯ ಕಲ್ಲುಗಳು ಓದುಗರ ಕೈಗೆ ಬಂದವು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರ ತಂದಾಗ ತಾಳೆಗರಿಯ ಮಾತುಗಳೂ ಬಂದವು. ಊರಿನ ಕಲ್ಲು ಒಂದು ಕಪಾಟಿಗೆ, ಊರಿನ ಹುಡುಗನ ಮಾತು ಇನ್ನೊಂದಕ್ಕೆ. ಶಾಸನ ಓದುವವರು ವಚನ ಓದುವುದು ಕಡಿಮೆ, ವಚನದವರು ಶಾಸನದ ಕಡೆ ತಲೆ ಹಾಕುವುದು ಇನ್ನೂ ಕಡಿಮೆ.

ಹೋದ ಸಲ ಅಲ್ಲಿಗೆ ಹೋದಾಗ ಸಂಜೆಯಾಗಿತ್ತು. ಹೊಲಗದ್ದೆಗಳಲ್ಲಿ ಸಿಕ್ಕ ಮೂರ್ತಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಕೈ ಮುರಿದವು, ಮೂಗು ಹೋದವು, ಒಂದರ ಮೇಲೊಂದು ಬಿದ್ದು ಗುರುತೇ ಸಿಗದಂತೆ ಸವೆದವು. ಕೇದಾರೇಶ್ವರನ ಗುಡಿಯಲ್ಲಿ ಗಂಟೆ ಬಾರಿಸಿದರು. ಮುರಿದ ಮೂರ್ತಿಗಳ ನಡುವೆ ನಿಂತವನಿಗೆ ಅಲ್ಲಮನ ಪ್ರಶ್ನೆ ನೆನಪಾಯಿತು. ಅಷ್ಟರಲ್ಲಿ ಮಂಗಳಾರತಿ ತಟ್ಟೆ ಹತ್ತಿರ ಬಂತು. ಕೈ ಮುಂದೆ ಹೋಯಿತು.