ರಿಫರ್ಬಿಶ್ಡ್ ಕೊಳ್ಳುವ ಮುಂಚೆ: ವಯಸ್ಸಾಗಿರುವುದು ಯಾವ ಭಾಗಕ್ಕೆ?

ರಿಫರ್ಬಿಶ್ಡ್ ಅಂದರೆ ಯಾರೋ ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ ಸಾಧನ. ನಾನು ಕೊಂಡ ಅಂಥ ಮೊದಲ ಲ್ಯಾಪ್‌ಟಾಪ್ ನೋಡಲು ಹೊಸದರ ಹಾಗೇ ಇತ್ತು. ಎಲ್ಲೂ ಒಂದು ಗೀರಿಲ್ಲ. ಬೆನ್ನಿಗೆ ‘ಎ ಗ್ರೇಡ್’ ಅಂತ ಚೀಟಿ ಬೇರೆ ಅಂಟಿಸಿದ್ದರು. ಮನೆಗೆ ತಂದು ವಿಂಡೋಸ್‌ನ ಬ್ಯಾಟರಿ ವರದಿ ತೆಗೆದು ನೋಡಿದೆ. ತಯಾರಾದಾಗ ಆ ಬ್ಯಾಟರಿ 50,000 ಮಿಲಿವ್ಯಾಟ್-ಅವರ್ ಹಿಡಿಯುತ್ತಿತ್ತು. ಈಗ ಹಿಡಿಯುವುದು 34,000. ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಹೋಗಿಬಿಟ್ಟಿದೆ. ಅದಕ್ಕಿಂತ ವಿಚಿತ್ರ ಅನ್ನಿಸಿದ್ದು ಅದರ ಕೆಳಗಿದ್ದ ಅಂಕಿ. ಚಾರ್ಜ್ ಸೈಕಲ್, ಅಂದರೆ ಒಂದು ಪೂರ್ತಿ ಚಾರ್ಜ್‌ನಷ್ಟು ಬಳಸಿದ್ದು ಎಷ್ಟು ಸಲ ಎನ್ನುವ ಎಣಿಕೆ, ಬರೀ 92! ಇಷ್ಟು ಕಡಿಮೆ ಬಳಸಿದ ಬ್ಯಾಟರಿ ಇಷ್ಟೊಂದು ಸವೆದದ್ದು ಹೇಗೆ?

ಆ ಪ್ರಶ್ನೆಯ ಬೆನ್ನು ಹತ್ತಿದ ಮೇಲೆ ನಾನು ಹಳೆಯ ಸಾಧನಗಳನ್ನು ನೋಡುವ ರೀತಿಯೇ ಬದಲಾಯಿತು. ‘ಇದು ಮೂರು ವರ್ಷ ಹಳೆಯದು’ ಎನ್ನುವ ಮಾತಿಗೆ ಹೆಚ್ಚು ಅರ್ಥವಿಲ್ಲ. ಒಂದು ಫೋನಿನಲ್ಲಾಗಲಿ ಲ್ಯಾಪ್‌ಟಾಪಿನಲ್ಲಾಗಲಿ ಎಲ್ಲ ಭಾಗಗಳಿಗೂ ಒಂದೇ ವೇಗದಲ್ಲಿ ವಯಸ್ಸಾಗುವುದಿಲ್ಲ. ಕೆಲವು ಭಾಗ ಹತ್ತು ವರ್ಷವಾದರೂ ಗಟ್ಟಿಯಾಗಿರುತ್ತವೆ. ಕೆಲವು ಎರಡೇ ವರ್ಷಕ್ಕೆ ಸುಸ್ತಾಗುತ್ತವೆ.

ಮೊದಲು ಬ್ಯಾಟರಿಯನ್ನೇ ನೋಡೋಣ. ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದರ ಹಿಂದಿನ ಕೆಲಸಕ್ಕೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ಕೆಲಸ ಮಾಡುವ ರೀತಿ ಸರಳ. ಲಿಥಿಯಂ ಅಯಾನುಗಳು ಚಾರ್ಜ್ ಮಾಡುವಾಗ ಗ್ರಾಫೈಟ್‌ನ ಪದರಗಳೊಳಗೆ ಹೋಗಿ ಕೂರುತ್ತವೆ. ಬಳಸುವಾಗ ಅಲ್ಲಿಂದ ಎದ್ದು ಆಚೆ ಬದಿಗೆ ಹೋಗುತ್ತವೆ. ಈ ಓಡಾಟದ ನಡುವೆ ಗ್ರಾಫೈಟ್‌ನ ಮೈಮೇಲೆ ಬ್ಯಾಟರಿಯ ದ್ರವ ಸ್ವಲ್ಪ ಸ್ವಲ್ಪವೇ ಒಡೆದು ಒಂದು ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಬೇಕೇ ಬೇಕು, ಅದೇ ಗ್ರಾಫೈಟನ್ನು ಕಾಪಾಡುವುದು. ಆದರೆ ಅದು ಬೆಳೆಯುವುದನ್ನು ಪೂರ್ತಿ ನಿಲ್ಲಿಸುವುದೇ ಇಲ್ಲ. ಬೆಳೆದಷ್ಟೂ ಲಿಥಿಯಂ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸಿಕ್ಕಿಕೊಂಡ ಲಿಥಿಯಂ ಮತ್ತೆ ಓಡಾಟಕ್ಕೆ ಬರುವುದಿಲ್ಲ.

ಈ ಪೊರೆ ಬೆಳೆಯಲು ಬ್ಯಾಟರಿಯನ್ನು ಬಳಸಲೇಬೇಕು ಅಂತೇನಿಲ್ಲ. ಬಿಸಿ ಇದ್ದರೆ ಸಾಕು, ಚಾರ್ಜ್ ತುಂಬಿಕೊಂಡೇ ಇದ್ದರೆ ಸಾಕು. ನನ್ನ ಲ್ಯಾಪ್‌ಟಾಪಿನ ಕಥೆ ಹೀಗೇ ಇರಬೇಕು. ಯಾವುದೋ ಮೇಜಿನ ಮೇಲೆ ವರ್ಷಗಟ್ಟಲೆ ಚಾರ್ಜರ್‌ಗೆ ಸಿಕ್ಕಿಸಿಕೊಂಡು, ನೂರಕ್ಕೆ ನೂರು ತುಂಬಿಕೊಂಡು, ಬಿಸಿಯಾಗಿ ಕೂತಿತ್ತು. ಸೈಕಲ್ ಎಣಿಕೆ ಏರಲಿಲ್ಲ, ಬ್ಯಾಟರಿ ಮಾತ್ರ ಮುದಿಯಾಯಿತು. ಹಾಗಾಗಿ ‘ಸೈಕಲ್ ಕಡಿಮೆ ಇದೆ’ ಅಂತ ಯಾರಾದರೂ ಹೇಳಿದರೆ ಅದನ್ನೇ ನಂಬಬೇಡಿ. ಈಗ ಎಷ್ಟು ಹಿಡಿಯುತ್ತದೆ ಎನ್ನುವ ಅಂಕಿ ಕೇಳಿ. ಬ್ಯಾಟರಿ ಉಬ್ಬಿದ್ದರಂತೂ ಬೇರೆ ಮಾತೇ ಬೇಡ. ಒಳಗೆ ಗ್ಯಾಸ್ ಸೇರಿದೆ ಎಂದರ್ಥ, ಅದು ಬೆಂಕಿಯ ಅಪಾಯ.

ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವ ಪ್ರೊಸೆಸರ್ ಚಿಪ್‌ನದು. ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ. ಚಿಪ್ಪಿಗೂ ವಯಸ್ಸಾಗುತ್ತದೆ ನಿಜ, ಆದರೆ ಸಾಮಾನ್ಯ ಬಳಕೆಯಲ್ಲಿ ಅದು ಕೆಡುವ ಮುಂಚೆ ನಮಗೇ ಬೇರೆ ಸಾಧನ ಬೇಕೆನ್ನಿಸಿರುತ್ತದೆ. ಕೆಟ್ಟರೆ ಕೆಡುವುದು ಹೆಚ್ಚಾಗಿ ಚಿಪ್ಪನ್ನು ಬೋರ್ಡಿಗೆ ಹಿಡಿದಿಟ್ಟಿರುವ ಬೆಸುಗೆ. ಬಿಸಿಯಾದಾಗ ಚಿಪ್ ಒಂದಷ್ಟು ಹಿಗ್ಗುತ್ತದೆ, ಬೋರ್ಡ್ ಇನ್ನೊಂದಷ್ಟು ಹಿಗ್ಗುತ್ತದೆ. ನಡುವಿನ ಬೆಸುಗೆಯ ಗುಂಡುಗಳು ದಿನವೂ ಆ ಎಳೆದಾಟ ತಿನ್ನುತ್ತವೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೊಮ್ಮೆ ಮುರಿಯುತ್ತದಲ್ಲ, ಹಾಗೆ. ಅದಕ್ಕೇ ಗೇಮಿಂಗ್‌ಗೆ ಬಳಸಿ ಕಾದು ಕಾದು ಆರಿದ ಲ್ಯಾಪ್‌ಟಾಪ್‌ಗಿಂತ ಪತ್ರ ಟೈಪ್ ಮಾಡಿಕೊಂಡಿದ್ದ ಲ್ಯಾಪ್‌ಟಾಪನ್ನು ನಾನು ಜಾಸ್ತಿ ನಂಬುತ್ತೇನೆ.

ಇನ್ನು ಸ್ಟೋರೇಜ್. ಎಸ್‌ಎಸ್‌ಡಿ (ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈಲುಗಳನ್ನು ಇಡುವ ಡಿಸ್ಕ್) ಮತ್ತು ಫೋನಿನ ಮೆಮೊರಿ ಎರಡೂ ಫ್ಲ್ಯಾಶ್ ಮೆಮೊರಿಯೇ. ಅದರಲ್ಲಿ ಬರೆಯುವುದೆಂದರೆ ತುಂಬಾ ತೆಳುವಾದ ನಿರೋಧಕ ಪದರದ ಮೂಲಕ ಎಲೆಕ್ಟ್ರಾನುಗಳನ್ನು ಬಲವಂತವಾಗಿ ದಾಟಿಸುವುದು. ಪ್ರತಿ ಸಲ ಬರೆದು ಅಳಿಸಿದಾಗಲೂ ಆ ಪದರಕ್ಕೆ ಒಂದಿಷ್ಟು ಗಾಯವಾಗುತ್ತದೆ. ಹಾಗಾಗಿ ಡೇಟಾ ಹಿಡಿದಿಡುವ ಪ್ರತಿ ಪುಟ್ಟ ಕೋಶವೂ ಇಷ್ಟು ಸಾವಿರ ಸಲ ಅಂತ ಲೆಕ್ಕ ಹಾಕಿಕೊಂಡೇ ಹುಟ್ಟಿರುತ್ತದೆ. ಸಂತೋಷದ ವಿಷಯವೆಂದರೆ ಎಸ್‌ಎಸ್‌ಡಿ ತನ್ನ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಎಷ್ಟು ಗಂಟೆ ಓಡಿದೆ, ಎಷ್ಟು ಡೇಟಾ ಬರೆಯಲಾಗಿದೆ, ಆಯಸ್ಸಿನಲ್ಲಿ ಶೇಕಡಾ ಎಷ್ಟು ಮುಗಿದಿದೆ ಎನ್ನುವುದನ್ನೆಲ್ಲ ಒಂದು ಉಚಿತ ತಂತ್ರಾಂಶದಿಂದ ಎರಡೇ ನಿಮಿಷದಲ್ಲಿ ಓದಬಹುದು. ಮನೆಯಲ್ಲಿ ಸಾಮಾನ್ಯವಾಗಿ ಬಳಸಿದ ಡಿಸ್ಕ್‌ಗಳಲ್ಲಿ ಈ ಆಯಸ್ಸು ಬಹಳಷ್ಟು ಉಳಿದೇ ಇರುತ್ತದೆ. ಉಳಿದಿಲ್ಲವಾದರೂ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಬದಲಿಸಬಹುದು, ಬೋರ್ಡಿಗೇ ಬೆಸೆದಿರದಿದ್ದರೆ. ಫೋನಿನಲ್ಲಿ ಅದು ಬೆಸೆದೇ ಇರುತ್ತದೆ.

ಓಎಲ್‌ಇಡಿ ಪರದೆಗೂ ಹೀಗೇ ಸವೆತ ಇದೆ. ಅದರಲ್ಲಿ ಬೆಳಕು ಕೊಡುವುದು ಸಾವಯವ ಪದಾರ್ಥ, ಮತ್ತು ನೀಲಿ ಬಣ್ಣದ್ದು ಎಲ್ಲಕ್ಕಿಂತ ಬೇಗ ಮಂಕಾಗುತ್ತದೆ. ಪರದೆ ತುಂಬ ಒಂದು ಬೂದು ಬಣ್ಣದ ಚಿತ್ರ ಇಟ್ಟು ನೋಡಿ. ಮುಂಚಿನವರ ಕೀಬೋರ್ಡಿನ ನೆರಳು ಅಲ್ಲೇ ಅಚ್ಚಾಗಿ ನಿಂತಿರಬಹುದು. ನೀರು ಒಳಹೋಗದ ಫೋನು ಅಂತ ಹೇಳಿದ್ದರೂ ಒಮ್ಮೆ ಬಿಚ್ಚಿದ್ದರೆ ಆ ಮಾತನ್ನು ಮರೆತುಬಿಡಿ. ಒಳಗಿನ ಅಂಟು ಮೊದಲಿನ ಹಾಗೆ ಕೂತಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ.

ಈಗ ‘ಎ ಗ್ರೇಡ್’ ಚೀಟಿಗೆ ಬರೋಣ. ಸಾಮಾನ್ಯವಾಗಿ ಅದು ಹೇಳುವುದು ಮೈಮೇಲಿನ ಗೀರು, ತಗ್ಗುಗಳ ಬಗ್ಗೆ. ಒಳಗಿನ ಬ್ಯಾಟರಿಯ ಬಗ್ಗೆ, ಫ್ಯಾನಿನಲ್ಲಿ ಕೂತ ಧೂಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಮೇಲೆ ಥಳಕು ಒಳಗೆ ಹುಳುಕು ಆಗಿದ್ದರೂ ಚೀಟಿ ‘ಎ’ ಅಂತಲೇ ಇರಬಹುದು. ಚೀಟಿಗಿಂತ ವಾರಂಟಿ ಎಷ್ಟೋ ಹೆಚ್ಚು ಸತ್ಯ ಹೇಳುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನು ಇಟ್ಟುಕೊಂಡು ಇದನ್ನು ವಿವರಿಸಿದ್ದರು. ಸರಕು ಹೇಗಿದೆ ಅಂತ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರು ಕಡಿಮೆ ಬೆಲೆಯನ್ನೇ ಹೇಳುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲು ಬರುವುದಿಲ್ಲ, ಕೆಟ್ಟದ್ದೇ ಉಳಿಯುತ್ತದೆ. ಇದರಿಂದ ಹೊರಬರುವ ಒಂದು ದಾರಿ ಗ್ಯಾರಂಟಿ. ಕೆಟ್ಟ ಮಾಲಿಗೆ ವರ್ಷದ ಗ್ಯಾರಂಟಿ ಕೊಟ್ಟರೆ ನಷ್ಟ ಕೊಟ್ಟವರಿಗೇ ತಾನೆ? ಈ ಸಂಶೋಧನೆಗೆ ಅಕರ್‌ಲಾಫ್ 2001ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. ನನ್ನ ಲೆಕ್ಕದಲ್ಲಿ ಏಳು ದಿನದ ವಾರಂಟಿ ಕೊಡುವವರು ತಮ್ಮ ಮಾಲಿನ ಬಗ್ಗೆ ತಮಗಿರುವ ನಂಬಿಕೆ ಎಷ್ಟು ಅಂತ ತಾವೇ ಹೇಳುತ್ತಿದ್ದಾರೆ.

ವಾರಂಟಿ ಸಿಕ್ಕ ಮೇಲೆ ಸಾಧನವನ್ನು ಜೋಪಾನವಾಗಿ ಎತ್ತಿಡಬೇಡಿ. ಎಂಜಿನಿಯರ್‌ಗಳು ‘ಬಾತ್‌ಟಬ್ ಕರ್ವ್’ ಅಂತ ಒಂದು ಗೆರೆ ಎಳೆಯುತ್ತಾರೆ. ಶುರುವಿನಲ್ಲಿ ಕೆಡುವ ಸಾಧ್ಯತೆ ಹೆಚ್ಚು, ಆಮೇಲೆ ಬಹುಕಾಲ ಕಡಿಮೆ, ಕೊನೆಗೆ ಮತ್ತೆ ಹೆಚ್ಚು. ಒಂದೆರಡು ವರ್ಷ ಓಡಿದ ಸಾಧನ ಹುಟ್ಟುದೋಷದ ಹಂತವನ್ನು ದಾಟಿರುತ್ತದೆ. ಇದು ರಿಫರ್ಬಿಶ್ಡ್‌ಗೆ ಇರುವ ನಿಜವಾದ ಅನುಕೂಲ. ಆದರೆ ಬಿಚ್ಚಿ ಹಾಕಿದ ಹೊಸ ಬ್ಯಾಟರಿ, ಹೊಸ ಪರದೆ, ಮತ್ತೆ ಬೆಸೆದ ಕನೆಕ್ಟರ್‌ಗೆ ಇದು ಬಾಲ್ಯ. ಆದ್ದರಿಂದ ಮೊದಲ ಕೆಲವು ವಾರ ಚೆನ್ನಾಗಿ ದುಡಿಸಿ. ವಿಡಿಯೊ ಕಾಲ್ ಮಾಡಿ, ಪ್ರತಿ ಪೋರ್ಟಿಗೂ ಏನಾದರೂ ಸಿಕ್ಕಿಸಿ, ಪೂರ್ತಿ ಖಾಲಿಯಾಗುವವರೆಗೆ ಓಡಿಸಿ. ಕೆಡುವುದಿದ್ದರೆ ವಾಪಸ್ ಕೊಡಬಹುದಾದ ದಿನಗಳಲ್ಲೇ ಕೆಡಲಿ.

ಯಂತ್ರ ಗಟ್ಟಿಯಾಗಿದ್ದೂ ಕೆಲಸಕ್ಕೆ ಬಾರದಂತೆ ಆಗುವುದು ಸಾಫ್ಟ್‌ವೇರ್‌ನಿಂದ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ತಯಾರಕರು ಹೇಳಿದ್ದಾರೆ. ಹಳೆಯ ಎಷ್ಟೋ ಮಾಡೆಲ್‌ಗಳಿಗೆ ಇದರ ಅರ್ಧವೂ ಇರಲಿಲ್ಲ. ಈ ವರ್ಷಗಳು ಶುರುವಾಗುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಸುರಕ್ಷತೆಯ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಒಳ್ಳೆಯದಲ್ಲ, ಎಷ್ಟೇ ಅಗ್ಗಕ್ಕೆ ಸಿಗಲಿ.

ಇಷ್ಟೆಲ್ಲ ತಲೆಬಿಸಿ ಯಾಕೆ, ಹೊಸದನ್ನೇ ಕೊಂಡರಾಯಿತು ಅನ್ನಬಹುದು. ನನಗೆ ಅದು ಒಪ್ಪಿಗೆಯಿಲ್ಲ. 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಕಾಲು ಭಾಗಕ್ಕೂ ಕಡಿಮೆ. ಒಂದು ಫೋನ್ ತನ್ನ ಜೀವಮಾನದಲ್ಲಿ ಉಂಟುಮಾಡುವ ಇಂಗಾಲದ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಹೊರಬಂದಿರುತ್ತದೆ. ಬ್ಯಾಟರಿಯೊಂದು ಹೋಯಿತು ಅಂತ ಗಟ್ಟಿಮುಟ್ಟಾದ ಚಿಪ್ಪನ್ನು ಕಸಕ್ಕೆ ಹಾಕುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನನ್ನ ಲ್ಯಾಪ್‌ಟಾಪಿಗೆ ಆಮೇಲೆ ಹೊಸ ಬ್ಯಾಟರಿ ಹಾಕಿಸಿದೆ. ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಅದು ಕೈಗೇ ಸಿಗುತ್ತಿತ್ತು, ಹತ್ತು ನಿಮಿಷದ ಕೆಲಸ. ಇಂಥ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಮಾನಿಟರ್‌ಗಳನ್ನು ನಾನು ಧೈರ್ಯವಾಗಿ ಕೊಳ್ಳುತ್ತೇನೆ. ಫೋನಾದರೆ ಬ್ಯಾಟರಿ ಬದಲಿಸಿದ್ದಾರಾ, ಅಪ್‌ಡೇಟ್ ಎಷ್ಟು ವರ್ಷ ಉಳಿದಿದೆ ಅಂತ ಕೇಳಿ ಕೊಳ್ಳುತ್ತೇನೆ. ವೈರ್‌ಲೆಸ್ ಇಯರ್‌ಬಡ್ ಮಾತ್ರ ಬೇಡ. ಚಿಕ್ಕ ಬ್ಯಾಟರಿಯನ್ನು ಒಳಗಿಟ್ಟು ಅಂಟು ಹಾಕಿ ಮುಚ್ಚಿರುತ್ತಾರೆ. ಹೆಚ್ಚಿನವನ್ನು ಒಡೆಯದೆ ತೆರೆಯುವುದೇ ಕಷ್ಟ. ಬ್ಯಾಟರಿ ಬದಲಿಸಿಲ್ಲ ಅಂದಮೇಲೆ ಅದರಲ್ಲಿ ಸರಿಪಡಿಸಿದ್ದಾದರೂ ಏನು? ಒರೆಸಿ ಹೊಸ ಡಬ್ಬಿಗೆ ಹಾಕಿರುತ್ತಾರೆ, ಅಷ್ಟೆ.